ಕೊಳಲಿನ ಗಾಳಿಗೆ ರಿಬ್ಬನ್ ಮೈಕ್ ಹೋಯ್ತಾ? ಮೀಟರ್ ಮಾತ್ರ ಸರಿ ಇದೆ ಅನ್ನುತ್ತಿದೆ

ಕೊಳಲುಹುಚ್ಚ:
ಎರಡು ವರ್ಷದ ಹಿಂದೆ ಕೊಂಡ ಅಗ್ಗದ ರಿಬ್ಬನ್ ಮೈಕ್, ಅಂದರೆ ಅಯಸ್ಕಾಂತದ ನಡುವೆ ತೂಗುವ ತೆಳು ಲೋಹದ ಪಟ್ಟಿಯಿಂದ ದನಿ ಹಿಡಿಯುವಂಥದ್ದು. ಮೊನ್ನೆ ಕೊಳಲನ್ನು ಅದರಿಂದ ಒಂದು ಗೇಣೂ ದೂರ ಇಲ್ಲದಂತೆ ಹಿಡಿದು ನುಡಿಸಿದೆ. ಆಮೇಲಿಂದ ದನಿ ಮಂಕಾಗಿದೆ. ಗೇನ್ ಏರಿಸಿದರೆ ಬರೀ ಸುಯ್ ಅನ್ನುತ್ತದೆ, ಮಂದ್ರದಲ್ಲಿ ಪಟಪಟ ಸದ್ದು ಬೇರೆ. ಮೈಕ್‌ನ ಕೇಬಲ್ ಚುಚ್ಚುವ ಕಡೆ 2 ಮತ್ತು 3ನೇ ಪಿನ್‌ಗೆ ಮಲ್ಟಿಮೀಟರ್ ಇಟ್ಟೆ, ರೀಡಿಂಗ್ ಬಂತು. ಅಂದರೆ ರಿಬ್ಬನ್ ಸರಿ ಇದೆ ಅಲ್ವಾ? ಒಂದು ಸಲ ಮರೆತು ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಹಾಕಿದ್ದೆ. ಅದೇ ಸುಟ್ಟಿತೇನೋ.

ಹಳೇಟೇಪು:
ಆ ರೀಡಿಂಗ್ ನಂಬಬೇಡಿ ಸರ್. ನೀವು ಅಳೆದಿದ್ದು ಮೈಕ್ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಈಚೆ, ಅಂದರೆ ಕೇಬಲ್ ಬದಿಯ ಸುರುಳಿ. ರಿಬ್ಬನ್ ಇರುವುದು ಆಚೆ ಬದಿಗೆ. ಅದು ಹರಿದು ಬಿದ್ದಿದ್ದರೂ ಮೀಟರ್ ಅಷ್ಟೇ ತೋರಿಸುತ್ತದೆ. ನಾನೂ ಹೀಗೆ ಮೋಸ ಹೋಗಿ ಇಡೀ ವಾರ ಕೇಬಲ್ ಬದಲಾಯಿಸುತ್ತಾ ಕೂತಿದ್ದೆ. ಜಾಲರಿ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಊದಬೇಡಿ!

ಕೊಳಲುಹುಚ್ಚ:
ನೋಡಿದೆ. ಬಟ್ಟೆ ಒಣಹಾಕಿದ ಹಗ್ಗದ ಹಾಗೆ ನಡುವೆ ಜೋತುಬಿದ್ದಿದೆ, ಒಂದು ಕಡೆ ಅಯಸ್ಕಾಂತಕ್ಕೆ ತಾಗುತ್ತಿದೆ.

ಹಳೇಟೇಪು:
ಹಾಗಾದರೆ ಗಾಳಿಗೆ ಎಳೆದುಕೊಂಡಿದೆ. ಈ ಅಲ್ಯುಮಿನಿಯಂ ಹಾಳೆ ಸಾಮಾನ್ಯವಾಗಿ 2ರಿಂದ 6 ಮೈಕ್ರಾನ್ ದಪ್ಪ, ಹಿಗ್ಗಿದ ಮೇಲೆ ತಾನಾಗಿ ಹಿಂದೆ ಬರುವುದಿಲ್ಲ. ಹೊಸದು ಹಾಕಬೇಕು. ಹಾಳೆಯನ್ನು ತೆಳು ಕಾಗದದ ನಡುವೆ ಇಟ್ಟು ಬ್ಲೇಡಿನಿಂದ ಕತ್ತರಿಸಿ, ಎರಡು ಪ್ಲಾಸ್ಟಿಕ್ ಹಲ್ಲುಚಕ್ರಗಳ ನಡುವೆ ಹಾಯಿಸಿದರೆ ಅಲೆಅಲೆಯಾಗಿ ಮಡಿಕೆ ಬೀಳುತ್ತದೆ. ಬೆಸುಗೆ ಹಾಕಲು ಹೋಗಬೇಡಿ, ಎರಡೂ ತುದಿ ಕ್ಲ್ಯಾಂಪ್‌ನಲ್ಲಿ ಕೂರಬೇಕು. ಜಾಸ್ತಿ ಬಿಗಿದರೆ ಮಂದ್ರ ಸೊರಗುತ್ತದೆ, ಸಡಿಲ ಬಿಟ್ಟರೆ ಮತ್ತೆ ಇದೇ ಪಟಪಟ.
ಕಬ್ಬಿಣದ ಸ್ಕ್ರೂಡ್ರೈವರ್ ಮಾತ್ರ ಹತ್ತಿರ ತರಬೇಡಿ. ನನ್ನ ಮೊದಲ ಹಾಳೆ ಅಚ್ಚುಕಟ್ಟಾಗಿ ಕೂತಿತ್ತು. ಕೊನೆಯ ತಿರುಪು ಬಿಗಿಯುವಾಗ ಸ್ಕ್ರೂಡ್ರೈವರ್ ಕೈಯಿಂದ ಕಿತ್ತುಕೊಂಡು ಅಯಸ್ಕಾಂತಕ್ಕೆ ಹಾರಿತು, ನಡುವೆ ಇದ್ದ ರಿಬ್ಬನ್ ಎರಡು ತುಂಡು. ಅವತ್ತಿಂದ ಹಿತ್ತಾಳೆಯದೇ ಬಳಸುವುದು. ಮೇಜನ್ನೂ ಮೊದಲು ಒರೆಸಿ, ಕಬ್ಬಿಣದ ಪುಡಿ ಸಂದಿಗೆ ಹೋದರೆ ತೆಗೆಯಲು ಪ್ರಾಣ ಹೋಗುತ್ತದೆ.

ತಂತಿಮೂಲೆ:
ಫ್ಯಾಂಟಮ್‌ನ ಮೇಲೆ ಸುಮ್ನೆ ಅಪವಾದ ಬೇಡ. ಕೇಬಲ್ ಸರಿ ಇದ್ದರೆ 48 ವೋಲ್ಟ್ ಎರಡೂ ತಂತಿಯಲ್ಲಿ ಸಮನಾಗಿರುತ್ತದೆ, ಸುರುಳಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದು ತಂತಿ ಶಾರ್ಟ್ ಆಗಿದ್ದರೆ ಅಥವಾ ಫ್ಯಾಂಟಮ್ ಇರುವಾಗಲೇ ಪ್ಯಾಚ್‌ಬೇಯಲ್ಲಿ (ಕೇಬಲ್ ಅದಲುಬದಲು ಮಾಡುವ ಸಾಕೆಟ್‌ಗಳ ಹಲಗೆ) ಚುಚ್ಚಿದರೆ ಅಪಾಯ.

ಕೊಳಲುಹುಚ್ಚ:
ಮೊದಲ ಹಾಳೆ ಸೀನಿದಾಗ ಹಾರಿಹೋಯಿತು. ಎರಡನೆಯದು ಕೂತಿದೆ. ಮೈಕ್ ಈಗ ಎರಡು ಅಡಿ ದೂರದಲ್ಲಿ, ಕೊಳಲಿನ ಗಾಳಿ ನೇರ ತಾಗದಂತೆ ಪಕ್ಕಕ್ಕೆ ನಿಂತಿದೆ. ಕೆಲಸ ಮುಗಿದ ಮೇಲೂ ನಿಲ್ಲಿಸಿಯೇ ಇಡುತ್ತೇನೆ, ಮೇಲೊಂದು ಚೀಲ ಹಾಕಿ.