ಮೆಣಸಿನಕಾಯಿಯನ್ನು ಬಾಟಲಿಯಲ್ಲಿ ಬಿಟ್ಟು ಮಲಗಬೇಡಿ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಎಲ್ಲರೂ ಪೂರ್ತಿ ಕೇಳಿಸಿಕೊಳ್ಳಿ. ಅರ್ಧಕ್ಕೆ ಬಿಟ್ಟು ಆಮೇಲೆ "ದೊಡ್ಡಮ್ಮ ಏನಂದರು" ಅಂತ ಒಬ್ಬರನ್ನೊಬ್ಬರು ಕೇಳಬೇಡಿ.

ನೀನು ಕೇಳಿದ್ದು ಇಷ್ಟು, ಅಲ್ವಾ? ನಾಳೆ ಸಂಜೆ ಹನ್ನೆರಡು ಜನ ಬರುತ್ತಾರೆ. ಅನಾನಸ್ ಹಾಕಿ ಖಾರದ ಕಾಕ್‌ಟೇಲ್ ಮಾಡೋಣ ಅಂತ ನಿನ್ನೆ ರಾತ್ರಿ ವೋಡ್ಕಾ ಬಾಟಲಿಗೆ ಐದು ಸೂಜಿಮೆಣಸು ಸೀಳಿ ಹಾಕಿಟ್ಟೆ. ಇವತ್ತು ಒಂದು ಹನಿ ನಾಲಿಗೆಗೆ ಇಟ್ಟರೆ ಕಿವಿಯಲ್ಲಿ ಹೊಗೆ ಬರುತ್ತಿದೆ. ಒಂದು ಲೋಟಕ್ಕೆ ನೀರು ಬೆರೆಸಿ ನೋಡಿದರೂ ಉರಿ ಹೋಗಲಿಲ್ಲ. ಚೆಲ್ಲಿಬಿಡಲಾ, ಏನು ಮಾಡಲಿ ಅಂತ.

ತಡಿ, ಚೆಲ್ಲಬೇಡ. ಅದಕ್ಕೆ ಆಮೇಲೆ ಬರುತ್ತೇನೆ. ಐದು ಸೂಜಿಮೆಣಸು! ಅದೂ ರಾತ್ರಿ ಇಡೀ! ನಿನ್ನ ಅಮ್ಮ ಪಕ್ಕದಲ್ಲಿ ಇರಲಿಲ್ಲವಾ? ಅವಳಿಗೆ ಎಲ್ಲಾ ಗೊತ್ತಲ್ಲ. ನಮ್ಮ ಮನೆಯ ಆ ಸಂಜೆ ಅವಳೇ ಎಲ್ಲರನ್ನೂ ಕಾಪಾಡಿದವಳು.

ಸಣ್ಣವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಿಮ್ಮ ದೊಡ್ಡಪ್ಪ ರಿಟೈರ್ ಆದ ದಿನ. ಬಂದವರಿಗೆಲ್ಲ ಏನಾದರೂ ಹೊಸದು ಕೊಡಬೇಕು ಅಂತ ನನಗೇ ಹುಚ್ಚು. ನಾನೂ ಅನಾನಸ್ಸೇ, ನಾನೂ ವೋಡ್ಕಾನೇ. ಮೂರು ದಿನ ಮುಂಚೆ ಬಾಟಲಿಗೆ ಆರು ಮೆಣಸಿನಕಾಯಿ ಸೀಳಿ ಹಾಕಿದೆ. ಅರ್ಧ ಗಂಟೆ ಬಿಟ್ಟು ತೆಗೆಯಬೇಕು ಅಂತಲೇ ಇತ್ತು ನನ್ನ ಮನಸ್ಸಿನಲ್ಲಿ. ಅಷ್ಟರಲ್ಲಿ ಒಬ್ಬರು ಅಡುಗೆಮನೆಗೆ ಬಂದು, "ಇರಲಿ ಬಿಡಿ ಅತ್ತಿಗೆ, ಖಾರ ಚೆನ್ನಾಗಿ ಇಳಿಯಲಿ, ಈಗಲೇ ಯಾಕೆ ತೆಗೀತೀರಿ" ಅಂದರು. ಹೆಸರು ಹೇಳುವುದಿಲ್ಲ. ಅವರೂ ಈ ಗ್ರೂಪಿನಲ್ಲಿದ್ದಾರೆ. ನಾನೂ ಸುಮ್ನೆ ಅವರ ಮಾತು ಕೇಳಿದೆ. ಮುಚ್ಚಳ ಬಿಗಿದು ಬಾಟಲಿಯನ್ನು ಫ್ರೀಜರಿಗೆ ತಳ್ಳಿದೆ.

ಆ ದಿನ ಬೆಳಿಗ್ಗೆ ರುಚಿ ನೋಡಿದೆ ಕಣೇ. ನೋಡಲಿಲ್ಲ ಅಂತಲ್ಲ. ಫ್ರೀಜರಿನಿಂದ ತೆಗೆದ ಹಾಗೇ ಅರ್ಧ ಚಮಚ ಬಾಯಿಗೆ ಹಾಕಿಕೊಂಡೆ. ನಾಲಿಗೆ ಮರಗಟ್ಟಿದಂತಾಯಿತು, ಖಾರ ಅಷ್ಟೇನೂ ಇಲ್ಲ ಅನ್ನಿಸಿತು. ತಣ್ಣಗಿದ್ದರೆ ಖಾರ ಅಡಗಿ ಕೂತಿರುತ್ತದೆ ಅಂತ ಆಗ ನನಗೆಲ್ಲಿ ಗೊತ್ತು? ಒಂದು ನಿಮಿಷ ಕಾದಿದ್ದರೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಬಾಗಿಲು ಬಡಿದರು, ಹೋದೆ, ಏನೋ ಮಾತು, ಬಾಯಿ ಉರಿದದ್ದು ಗಡಿಬಿಡಿಯಲ್ಲಿ ಮರೆತೇ ಹೋಯಿತು. ಬಾಟಲಿ ಪೂರ್ತಿ ಜಗ್ಗಿಗೆ ಸುರಿದೆ.

ಮೊದಲ ಗುಟುಕಿಗೆ ಎಲ್ಲರೂ "ಆಹಾ" ಅಂದರು. ಅದೇ ಮೋಸ ನೋಡು. ಮೊದಲು ಹಣ್ಣಿನ ಸಿಹಿ, ಆಮೇಲೆ ನಿಂಬೆಯ ಹುಳಿ, ಖಾರ ಕೊನೆಗೆ ಬರುತ್ತದೆ. ನಾನು ಎದುರಿಗೆ ಕೂತಿದ್ದ ನಿಮ್ಮ ದೊಡ್ಡಪ್ಪನ ಆಫೀಸಿನವರ ಕಿವಿಯನ್ನೇ ನೋಡುತ್ತಿದ್ದೆ. ಕಿವಿಯ ತುದಿ ಮೊದಲು ಗುಲಾಬಿ ಆಯಿತು, ಆಮೇಲೆ ಕೆಂಪು, ಆಮೇಲೆ ಮೂಗಿನ ಮೇಲೆ ಸಾಲಾಗಿ ಬೆವರು. ಪಾಪ, ಮರ್ಯಾದಸ್ಥರು, ಏನೂ ಹೇಳಲಿಲ್ಲ. ಲೋಟದೊಳಗಿನ ಐಸ್ ತುಂಡನ್ನು ಎರಡು ಬೆರಳಿನಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು ಕೆನ್ನೆಯಲ್ಲಿ ಇಟ್ಟುಕೊಂಡರು.

ನೀರು ಕೊಟ್ಟೆವು. ಇನ್ನೂ ಜಾಸ್ತಿ ಆಯಿತು. ನಮ್ಮ ಹಿರಿಯವನು ಕೆಮಿಸ್ಟ್ರಿ ಓದಿದ್ದಾನಲ್ವಾ, ಅವನು ಆಮೇಲೆ ಹೇಳಿದ. ಮೆಣಸಿನಕಾಯಿಯಲ್ಲಿ ಉರಿ ಕೊಡುವುದು ಕ್ಯಾಪ್ಸೈಸಿನ್ ಅಂತೆ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಮತ್ತು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹಾಗಾಗಿ ವೋಡ್ಕಾ ಎಷ್ಟು ಹೊತ್ತು ಮೆಣಸಿನಕಾಯಿ ಜೊತೆ ಕೂತಿರುತ್ತದೋ ಅಷ್ಟೂ ಹೊತ್ತು ಖಾರ ಎಳೆದುಕೊಳ್ಳುತ್ತಲೇ ಇರುತ್ತದೆ. ಅದಕ್ಕೇ ಹೇಳುತ್ತೇನೆ, ಮೆಣಸಿನಕಾಯಿಯನ್ನು ಬಾಟಲಿಯಲ್ಲಿ ಬಿಟ್ಟು ಮಲಗಬೇಡಿ. ಯಾರು ಏನೇ ಹೇಳಲಿ, ಬಿಟ್ಟು ಮಲಗಬೇಡಿ.

ನಿನ್ನ ಅಮ್ಮ ಒಬ್ಬಳೇ ಬುದ್ಧಿ ಓಡಿಸಿದವಳು. ಫ್ರಿಜ್ಜಿನಿಂದ ತಣ್ಣಗಿನ ಹಾಲು ತಂದು ಸಣ್ಣ ಸಣ್ಣ ಲೋಟಕ್ಕೆ ಹಾಕಿ ಎಲ್ಲರ ಕೈಗೂ ಕೊಟ್ಟಳು. ಹಾಲಿನಲ್ಲಿರುವ ಕೇಸಿನ್ ಅನ್ನುವ ಪ್ರೋಟೀನು ಆ ಖಾರವನ್ನು ಹಿಡಿದುಕೊಂಡು ಹೋಗುತ್ತದಂತೆ. ಸೂಟು ಹಾಕಿಕೊಂಡು ಬಂದ ದೊಡ್ಡ ದೊಡ್ಡ ಅಧಿಕಾರಿಗಳು ಸಾಲಾಗಿ ಕೂತು ಹಾಲು ಕುಡಿಯುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೆ ನಿಮ್ಮ ದೊಡ್ಡಪ್ಪ ಹಾಲು ಮುಟ್ಟಲಿಲ್ಲ. ಅವರ ಹಟ ಗೊತ್ತಲ್ಲ. ಬಾಯಿ ಉರಿ ಆರಿಸುವುದಕ್ಕೆ ಅದೇ ಜಗ್ಗಿನಿಂದ ಇನ್ನೊಂದು ಲೋಟ ಬಗ್ಗಿಸಿಕೊಂಡರು. ತಣ್ಣಗಿದೆ ಅಲ್ವಾ, ಗಂಟಲಲ್ಲಿ ಇಳಿಯುವಾಗ ಹಾಯ್ ಅನ್ನಿಸುತ್ತದೆ. ಮರುಕ್ಷಣ ಮತ್ತೆ ಉರಿ, ಮತ್ತೆ ಲೋಟ. ಖಾರದ ಕಾಕ್‌ಟೇಲಿನ ನಿಜವಾದ ಅಪಾಯ ಅದು. ಜನ ಖಾರಕ್ಕೆ ಸಾಯುವುದಿಲ್ಲ, ಖಾರ ಆರಿಸಲು ಹೋಗಿ ಲೆಕ್ಕ ತಪ್ಪಿ ಕುಡಿಯುತ್ತಾರೆ. ನಾಲ್ಕು ಲೋಟ ಆಯಿತು. ಒಂದರಲ್ಲಿ 60 ಮಿ.ಲೀ. ವೋಡ್ಕಾ ಅಂತ ಹಿಡಿದರೂ 240 ಆಯಿತು. ಹಣ್ಣಿನ ಸಿಹಿಯಲ್ಲಿ ಒಂದೂ ಗೊತ್ತಾಗಲಿಲ್ಲ.

ಆಮೇಲೆ ಭಾಷಣಕ್ಕೆ ಎದ್ದರು.

ಆಫೀಸಿನ ಬಗ್ಗೆ ಎರಡು ಮಾತು ಆಡಿ ಕೂರಬೇಕಿತ್ತು. ಕೂರಲಿಲ್ಲ. ಮನೆ ಕಟ್ಟುವಾಗ ಯಾರಿಗೆ ಎಷ್ಟು ದುಡ್ಡು ಕೊಟ್ಟೆ, ಯಾವ ತಿಂಗಳು ವಾಪಸ್ ಕೊಡುತ್ತೇನೆ ಅಂದಿದ್ದರು, ಎಷ್ಟು ತಿಂಗಳಾಯಿತು, ಎಲ್ಲಾ ಬಾಯಿಪಾಠ ಒಪ್ಪಿಸಿದರು. ಹೆಸರು ಸಮೇತ. ಆ ಹೆಸರಿನವರು ಅಲ್ಲೇ ಎರಡನೇ ಸಾಲಿನಲ್ಲಿ ಹಾಲು ಕುಡಿಯುತ್ತಿದ್ದರು. ಯಾರು ಅಂತೀರಾ? "ಖಾರ ಇಳಿಯಲಿ ಬಿಡಿ ಅತ್ತಿಗೆ" ಅಂದವರೇ.

ಮರುದಿನದಿಂದ ಏನಾಯಿತು ಗೊತ್ತಾ? ಸಾಲದ ಮಾತು ಯಾರೂ ಎತ್ತಲಿಲ್ಲ. "ಅತ್ತಿಗೆ ಅಷ್ಟು ಖಾರ ಹಾಕದಿದ್ದರೆ ಅಣ್ಣ ಹಾಗೆ ಮಾತಾಡುತ್ತಿರಲಿಲ್ಲ" ಅಂತ ಎಲ್ಲಾ ಕಡೆ ಸುದ್ದಿ. ದುಡ್ಡು ತೆಗೆದುಕೊಂಡವರದ್ದು ತಪ್ಪಲ್ಲ, ಮೆಣಸಿನಕಾಯಿ ಹಾಕಿದವಳದ್ದು ತಪ್ಪು! ಇವತ್ತಿಗೂ ಯಾವುದಾದರೂ ಮದುವೆಯಲ್ಲಿ ನಾನು ಪಾನಕ ಹಂಚಿದರೂ ಸಾಕು, "ಅತ್ತಿಗೆ, ಇದರಲ್ಲಿ ಏನಿಲ್ಲ ತಾನೇ" ಅಂತ ಕೇಳಿ ನಗುತ್ತಾರೆ. ನಗಲಿ. ನಗುವವರು ಆ ಲೆಕ್ಕ ಚುಕ್ತಾ ಮಾಡಿ ನಗಲಿ. ನನ್ನ ಉದ್ದ ಕತ್ತಿನ ಗಾಜಿನ ಜಗ್ಗು ಅವತ್ತೇ ಬಿರುಕು ಬಿಟ್ಟಿತು. ಅದನ್ನು ಯಾರು ಕೆಳಗಿಟ್ಟರು, ಎಷ್ಟು ಜೋರಾಗಿ ಇಟ್ಟರು ಅಂತಲೂ ನನಗೆ ಗೊತ್ತು. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಹೋಯಿತಲ್ಲ" ಅಂತ ಒಂದು ಮಾತು ಅಂದಿದ್ದಾರಾ?

ಅಯ್ಯೋ, ಪುಟ್ಟೀ. ಇಷ್ಟು ಹೊತ್ತು ನಾನು ಮಾತಾಡುತ್ತಿದ್ದೇನೆ, ಆ ಮೆಣಸಿನಕಾಯಿ ಇನ್ನೂ ಬಾಟಲಿಯೊಳಗೇ ಇದೆಯಾ? ಎದ್ದು ಹೋಗು. ಮೊದಲು ಸೋಸಿಬಿಡು. ಒಂದು ಬೀಜವೂ ಉಳಿಯಬಾರದು. ಖಾರ ಇರುವುದು ಬೀಜದಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಇರುವುದು ಬೀಜ ಅಂಟಿಕೊಂಡಿರುವ ಆ ಬಿಳಿ ತಿರುಳಿನಲ್ಲಿ. ಕೈಗೆ ತಾಗಿದರೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜು, ಆಮೇಲೆ ಸೋಪು. ಬರೀ ನೀರಿನಲ್ಲಿ ತೊಳೆದು ಕಣ್ಣು ಮುಟ್ಟಬೇಡ. ನೀನು ಲೆನ್ಸ್ ಬೇರೆ ಹಾಕುತ್ತೀಯಾ.

ಸೋಸಿದ್ದನ್ನು ಚೆಲ್ಲಬೇಡ. ಅದು ಈಗ ಕುಡಿಯುವ ವೋಡ್ಕಾ ಅಲ್ಲ, ಮಸಾಲೆ ಅಂತ ತಿಳಿದುಕೋ. ಒಗ್ಗರಣೆ ಹಾಕುವ ಹಾಗೆ ಚೂರು ಚೂರು ಹಾಕಬೇಕು. ಒಂದಿಷ್ಟು ನೀರು ಬೆರೆಸಿದರೆ ಸಾಲದು. ಖಾರವಿಲ್ಲದ ಸಾದಾ ವೋಡ್ಕಾ ಇನ್ನೊಂದು ಬಾಟಲಿ ತಂದು ಅದರಲ್ಲಿ ಬೆರೆಸು. ಒಂದು ಲೋಟಕ್ಕೆ ಖಾರದ್ದು ಒಂದು ಟೀ ಚಮಚ, ಅಂದರೆ 5 ಮಿ.ಲೀ., ಸಾದಾ ವೋಡ್ಕಾ 40, ಅನಾನಸ್ ರಸ 90, ನಿಂಬೆರಸ 20, ಸಕ್ಕರೆ ಪಾಕ 15. ಪಾಕ ಅಂದರೆ ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕರಗಿದರೆ ಸಾಕು, ಎಳೆ ಬರಬೇಕಾಗಿಲ್ಲ. ಒಂದು ಚಿಟಿಕೆ ಉಪ್ಪು ಮರೆಯಬೇಡ, ಹಣ್ಣಿನ ರುಚಿ ಎದ್ದು ಬರುತ್ತದೆ. ಹನ್ನೆರಡು ಲೋಟಕ್ಕೆ ಲೆಕ್ಕ ಹಾಕಿದರೆ ಖಾರದ್ದು ಬರೀ 60 ಮಿ.ಲೀ. ಸಾದಾ 480. ನಿನ್ನ ಆ ಬಾಟಲಿ ಇನ್ನೂ ಎಷ್ಟೋ ಸಂಜೆಗೆ ಬರುತ್ತದೆ. ಬಾಟಲಿ ಮೇಲೆ ದೊಡ್ಡದಾಗಿ ಚೀಟಿ ಅಂಟಿಸಿಡು.

ಮೊದಲು ಒಂದೇ ಲೋಟ ಮಾಡಿ ನೋಡು. ಐಸ್ ಹಾಕುವ ಮುಂಚೆ ರುಚಿ ನೋಡಬೇಕು. ಒಂದು ಗುಟುಕು ಕುಡಿದು ಒಂದು ನಿಮಿಷ ಕಾಯಬೇಕು, ಬಾಗಿಲು ಯಾರೇ ಬಡಿಯಲಿ. ಖಾರ ಇನ್ನೂ ಬೇಕು ಅನ್ನಿಸಿದರೆ 10 ಮಿ.ಲೀ. ತನಕ ಹೋಗು, ಅದಕ್ಕಿಂತ ಜಾಸ್ತಿ ಬೇಡ. ಖಾರ ಇಷ್ಟಪಡುವವರಿಗೆ ಲೋಟದ ಅಂಚಿಗೆ ಉಪ್ಪು ಖಾರದ ಪುಡಿ ಹಚ್ಚಿಕೊಡು, ಅದೂ ಅರ್ಧ ಅಂಚಿಗೆ ಮಾತ್ರ. ಬೇಡದವರು ಇನ್ನೊಂದು ಕಡೆಯಿಂದ ಕುಡಿಯಲಿ. ಕುಡಿಯದವರಿಗೂ ಮಕ್ಕಳಿಗೂ ಬೇರೆ ಜಗ್ಗು ಇಡು. ಅದಕ್ಕೆ ಸ್ವಲ್ಪ ಶುಂಠಿ ರಸ ಹಿಂಡಿದರೆ ಸಾಕು. ಎರಡು ಜಗ್ಗೂ ಒಂದೇ ಬಣ್ಣ ಇರುತ್ತವೆ, ಒಂದೇ ಮೇಜಿನ ಮೇಲೆ ಇಡಬೇಡ.

ತಣ್ಣಗಿನ ಹಾಲು ಒಂದು ಲೀಟರ್ ಫ್ರಿಜ್ಜಿನಲ್ಲಿರಲಿ. ಕಾಕ್‌ಟೇಲಿಗೆ ಹಾಕಬೇಡ ಮತ್ತೆ, ನಿಂಬೆಗೆ ಒಡೆದು ಹೋಗುತ್ತದೆ. ಬೇರೆ ಲೋಟದಲ್ಲಿ ಕೊಡಬೇಕು.

ಇನ್ನೊಂದು. ಯಾವುದೋ ವಿಡಿಯೋದಲ್ಲಿ ಐದು ಮೆಣಸಿನಕಾಯಿ ಅಂದಿದ್ದರು ಅಂತ ಬರೆದಿದ್ದೀಯಲ್ಲ, ಅವರು ಹೇಳಿದ್ದು ಹಾಲಪೆನ್ಯೊ ಅನ್ನುವ ಖಾರ ಕಡಿಮೆಯ ಮೆಣಸಿನಕಾಯಿ ಇರಬೇಕು. ಮೆಣಸಿನಕಾಯಿ ಎಲ್ಲಾ ಒಂದೇ ಅಲ್ಲ ಕಣೇ. ವಿಲ್ಬರ್ ಸ್ಕೋವಿಲ್ ಅಂತ ಒಬ್ಬರು 1912ರಲ್ಲೇ ಖಾರ ಅಳೆಯುವ ಲೆಕ್ಕ ಮಾಡಿಟ್ಟಿದ್ದಾರೆ. ಅವರೂ ಮೆಣಸಿನಕಾಯಿಯ ಖಾರವನ್ನು ಆಲ್ಕೋಹಾಲಿನಲ್ಲೇ ಇಳಿಸಿಕೊಂಡು, ಆಮೇಲೆ ಉರಿ ಗೊತ್ತಾಗದ ತನಕ ಸಕ್ಕರೆ ನೀರು ಬೆರೆಸುತ್ತಾ ಹೋದರಂತೆ. ಆ ಲೆಕ್ಕದಲ್ಲಿ ಹಾಲಪೆನ್ಯೊ 2,500ರಿಂದ 8,000. ನೀನು ಹಾಕಿದ ಸೂಜಿಮೆಣಸು 50,000 ದಾಟುತ್ತದೆ. ಮುಂದಿನ ಸಲ ಒಂದೇ ಒಂದು ಹಾಕು, ಅದರ ಬಿಳಿ ತಿರುಳನ್ನು ಮೊದಲೇ ಕೆರೆದು ಬಿಸಾಡು, ಹತ್ತು ನಿಮಿಷಕ್ಕೊಮ್ಮೆ ರುಚಿ ನೋಡು, ಸಾಕು ಅನ್ನಿಸುವ ಸ್ವಲ್ಪ ಮುಂಚೆಯೇ ತೆಗೆದುಬಿಡು.

ಸೋಸಿ ಆದ ಮೇಲೆ ಇಲ್ಲಿ ಒಂದು ಫೋಟೋ ಹಾಕು, ನಾನು ಮಲಗುವುದಿಲ್ಲ, ಕಾಯುತ್ತಿರುತ್ತೇನೆ. ನಿಮ್ಮ ದೊಡ್ಡಪ್ಪ ಇಲ್ಲೇ ಪಕ್ಕದಲ್ಲಿ ಕೂತು ಎಲ್ಲಾ ಕೇಳಿಸಿಕೊಂಡರು. ನಾಳೆ ಎಷ್ಟು ಗಂಟೆಗೆ ಬರಬೇಕು ಅಂತ ಕೇಳು ಅನ್ನುತ್ತಿದ್ದಾರೆ. ಅವರಿಗೆ ಶುಂಠಿಯ ಜಗ್ಗು.