ಸಣ್ಣ ಆಸ್ಪತ್ರೆಯಲ್ಲಿ ಚಿಕಿತ್ಸೆ ಹೊತ್ತಿಗೆ ಸರಿಯಾಗಿ ಸಿಕ್ತಾ ಅಂತ ಅಳೆಯೋದು ಹೇಗೆ?

ಜಮಖಂಡಿ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲೂಕಿನ 30 ಹಾಸಿಗೆಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕ್ವಾಲಿಟಿ ಕೆಲಸವೂ ನನ್ನ ಪಾಲಿಗೇ ಬಂದಿದೆ. ಓಪಿಡಿ ಎಷ್ಟು, ಹೆರಿಗೆ ಎಷ್ಟು, ರೆಫರ್ ಎಷ್ಟು ಅಂತ ಪ್ರತಿ ತಿಂಗಳು ಬರೆದು ಕಳಿಸುತ್ತೇವೆ. ಆದ್ರೆ ಎದೆನೋವು ಅಂತ ಬಂದವರಿಗೆ ಇಸಿಜಿ ಎಷ್ಟು ಹೊತ್ತಿಗೆ ಆಯ್ತು, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ರಾತ್ರಿ ಬಂದವರಿಗೆ ಇಂಜೆಕ್ಷನ್ ಯಾವಾಗ ಶುರುವಾಯ್ತು, ಇದು ಯಾವ ಕಾಲಮ್ಮಿನಲ್ಲೂ ಇಲ್ಲ. ನನಗೆ ತಿಳಿಯಬೇಕಾದದ್ದು ಅದೇ. ನಮ್ಮಲ್ಲಿ ಇಂಥ ಕೇಸು ತಿಂಗಳಿಗೆ ಬೆರಳೆಣಿಕೆಯಷ್ಟು ಮಾತ್ರ, ಕಂಪ್ಯೂಟರ್ ಆಪರೇಟರ್ ಹಗಲು ಮಾತ್ರ ಇರುತ್ತಾರೆ. ಎಲ್ಲಿಂದ ಶುರು ಮಾಡಲಿ?

ಡೋಣಿ ದಂಡೆ

ಸಿಸ್ಟರ್, ನಾನು ಮುದ್ದೇಬಿಹಾಳ ಕಡೆ ಮೆಡಿಕಲ್ ಆಫೀಸರ್. ಎಲ್ಲವನ್ನೂ ಅಳೆಯೋಕೆ ಹೋಗಬೇಡಿ. ಎದೆನೋವು, ಹಾವು ಕಡಿತ, ಮೇಲಿನ ಆಸ್ಪತ್ರೆಗೆ ಕಳಿಸೋದು, ಸದ್ಯಕ್ಕೆ ಇಷ್ಟೇ ಹಿಡಿದುಕೊಳ್ಳಿ.

ಎದೆನೋವಿಗೆ ಗಡುವು ಸ್ಪಷ್ಟವಾಗಿದೆ. ಬಾಗಿಲಿಗೆ ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ಡಾಕ್ಟರ್ ನೋಡಿರಬೇಕು. ರಕ್ತನಾಳ ಪೂರ್ತಿ ಮುಚ್ಚಿದ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಗಿ, ಆಂಜಿಯೋಪ್ಲಾಸ್ಟಿ ಆಗೋ ಊರು ದೂರ ಇದ್ದರೆ, ಹೆಪ್ಪು ಕರಗಿಸೋ ಇಂಜೆಕ್ಷನ್ 30 ನಿಮಿಷದೊಳಗೆ ಬೀಳಬೇಕು. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಟೆನೆಕ್ಟೆಪ್ಲೇಸ್ ಅನ್ನೋ ಆ ಇಂಜೆಕ್ಷನ್ ಪುಕ್ಕಟೆ ಕೊಟ್ಟಿದ್ದಾರೆ. ನಿಮ್ಮಲ್ಲಿ ಅದು ಇಲ್ಲ ಅಂದ್ರೆ, ರೋಗಿ ಬಂದಾಗಿನಿಂದ ಆಂಬುಲೆನ್ಸ್ ಗೇಟು ದಾಟೋವರೆಗೆ ಎಷ್ಟಾಯ್ತು ಅಂತ ಅಳೆಯಿರಿ. ಅದಕ್ಕೂ ಗುರಿ 30 ನಿಮಿಷವೇ.

ಇಲ್ಲಿ ಬಂದ ಹೊತ್ತು ಅಂದ್ರೆ ಯಾವುದು ಅನ್ನೋದೇ ದೊಡ್ಡ ಸಮಸ್ಯೆ. ಓಪಿಡಿ ಚೀಟಿ ಮೇಲಿನ ಹೊತ್ತು ಹಿಡಿದರೆ, ಆ ಚೀಟಿಗಾಗಿ ಪಾಳಿ ನಿಂತ ಹೊತ್ತು ಲೆಕ್ಕದಿಂದಲೇ ಬಿಟ್ಟು ಹೋಗುತ್ತೆ. ಸೆಕ್ಯುರಿಟಿಯೋ ಆಯಾನೋ, ಯಾರು ಮೊದಲು ನೋಡುತ್ತಾರೋ ಅವರು ಅಂಗೈ ಮೇಲಾದರೂ ಬರೆದುಕೊಳ್ಳಲಿ. ಇಸಿಜಿ ಮಷಿನ್ನು, ಗೋಡೆ ಗಡಿಯಾರ, ಡ್ಯೂಟಿ ಮೊಬೈಲು ಮೂರೂ ಒಂದೇ ಹೊತ್ತು ತೋರಿಸುತ್ತವಾ ಅಂತ ವಾರಕ್ಕೊಮ್ಮೆ ನೋಡಿ, ಇಲ್ಲದಿದ್ರೆ ನಿಮ್ಮ ನಿಮಿಷಗಳಿಗೆ ಅರ್ಥವೇ ಇರಲ್ಲ.

ಹಾವು ಕಡಿತದಲ್ಲಿ ಬರೀ ವೇಗ ಅಳೆದರೆ ದಾರಿ ತಪ್ಪುತ್ತೀರಿ. ಕಚ್ಚಿದವರಿಗೆಲ್ಲ ಎಎಸ್‌ವಿ, ಅಂದ್ರೆ ಹಾವಿನ ವಿಷ ಇಳಿಸೋ ಇಂಜೆಕ್ಷನ್, ಬೇಕಿಲ್ಲ, ವಿಷ ಏರಿದ ಲಕ್ಷಣ ಇದ್ದವರಿಗೆ ಮಾತ್ರ ಬೇಕು. ಒಣಗಿದ ಶುಭ್ರ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಒಮ್ಮೆ ವಾಲಿಸಿ ಹೆಪ್ಪುಗಟ್ಟಿದೆಯಾ ಅಂತ ನೋಡುತ್ತೇವಲ್ಲ, ಆ ಪರೀಕ್ಷೆ ಆಯ್ತಾ ಇಲ್ವಾ ಅಂತ ಮೊದಲು ಬರೆಯಿರಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದ್ದನ್ನು ಲೆಕ್ಕಕ್ಕೆ ತಗೋಬೇಡಿ. ಕೊಳಕುಮಂಡಲ ಆದರೆ ರಕ್ತ ಹೆಪ್ಪುಗಟ್ಟದೆ ಹರಿಯುತ್ತೆ. ನಾಗರಹಾವು, ಕಟ್ಟುಹಾವು ಆದರೆ ರಕ್ತ ಸರಿಯಿದ್ದರೂ ರೆಪ್ಪೆ ಇಳಿಬೀಳುತ್ತೆ, ಉಸಿರು ಸೋಲುತ್ತೆ, ಹಾಗಾಗಿ ರೆಪ್ಪೆ, ಉಸಿರು ಎರಡನ್ನೂ ನೋಡಿದ ಹೊತ್ತು ಬೇಕೇ ಬೇಕು. ಲಕ್ಷಣ ಕಂಡ ಮೇಲೆ ಮೊದಲ 10 ವಯಲ್ ಎಷ್ಟು ಬೇಗ ಶುರುವಾಯ್ತು ಅನ್ನೋದು ಆಮೇಲಿನ ಪ್ರಶ್ನೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕೇಸು, ಅರ್ಧ ಮಾಹಿತಿ ಹೇಗೂ ನೀವು ಬರೆಯುತ್ತಲೇ ಇರುತ್ತೀರಿ.

ಲೆಕ್ಕದವ, ಬೆಳಗಾವಿ

ಡಾಕ್ಟರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದಯವಿಟ್ಟು ಶೇಕಡಾ ಲೆಕ್ಕ ಹಾಕಬೇಡಿ. ಒಂದು ತಿಂಗಳು ಮೂರರಲ್ಲಿ ಎರಡು ಹೊತ್ತಿಗೆ ಆದರೆ 67 ಪರ್ಸೆಂಟ್, ಮುಂದಿನ ತಿಂಗಳು ಎರಡಕ್ಕೆ ಎರಡು ಆದರೆ 100. ಇದನ್ನು ನೋಡಿ ಸುಧಾರಣೆ ಆಯ್ತು ಅನ್ನೋಕೆ ಬರಲ್ಲ. ಪ್ರತಿ ಕೇಸಿಗೂ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಡುತ್ತಾ ಹೋಗಿ, ವರ್ಷದ ಚುಕ್ಕೆ ಒಟ್ಟಿಗೆ ನೋಡಿ.

ಸರಾಸರಿಯೂ ಬೇಡ. 4, 6, 7, 9, 84 ನಿಮಿಷ ಅಂದುಕೊಳ್ಳಿ. ಸರಾಸರಿ 22 ಬರುತ್ತೆ, ಆದ್ರೆ ಯಾರೂ 22 ನಿಮಿಷ ಕಾದಿಲ್ಲ. ಹೈಸ್ಕೂಲಿನಲ್ಲಿ ಕಲಿತ ಮಧ್ಯಾಂಕ, ಅಂದ್ರೆ ಏರಿಕೆ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರೋ ಸಂಖ್ಯೆ ತಗೊಳ್ಳಿ, 7 ಬರುತ್ತೆ. ಆ 84ನ್ನು ಮಾತ್ರ ಬಿಡಬೇಡಿ, ಅದರ ಕೇಸ್ ಶೀಟ್ ತೆಗೆದು ಏನಾಯ್ತು ಅಂತ ಕೂತು ಓದಿ. ಸಣ್ಣ ಆಸ್ಪತ್ರೆಗೆ ಒಂದು ಅನುಕೂಲ ಇದೆ, ತಡವಾದ ಪ್ರತಿ ಕೇಸನ್ನೂ ಓದೋಕಾಗುತ್ತೆ.

ಅಮೆರಿಕದಲ್ಲಿ 25 ಹಾಸಿಗೆ ಮೀರದ ಹಳ್ಳಿ ಆಸ್ಪತ್ರೆಗಳಿಗೂ ಇದೇ ತೊಂದರೆ, ಕೇಸು ಕಡಿಮೆ. ಅಲ್ಲಿ ತುರ್ತು ವಿಭಾಗಕ್ಕೆ ಬಂದವರು ವಾಪಸ್ ಹೋಗೋವರೆಗಿನ ಹೊತ್ತಿನ ಮಧ್ಯಾಂಕ ನೋಡುತ್ತಾರೆ. ಡಾಕ್ಟರನ್ನು ಕಾಣದೇ ಎದ್ದು ಹೋದವರೆಷ್ಟು, ರೆಫರ್ ಆದವರ ಜೊತೆ ಪೂರ್ತಿ ಮಾಹಿತಿ ಹೋಯ್ತಾ ಅಂತಲೂ ನೋಡುತ್ತಾರೆ. ಕಾಣದೇ ಹೋದವರ ಲೆಕ್ಕ ನಮ್ಮಲ್ಲೂ ಇಡಬೇಕು. ಸಂತೆ ದಿನ ಎಷ್ಟು ಜನ ಕಾದು ಕಾದು ಹೋಗುತ್ತಾರೆ, ಅಲ್ವಾ?

ಗೋಕಾಕದವಳು

ನಾನು ಆಸ್ಪತ್ರೆಯವಳಲ್ಲ ರೀ, ರೋಗಿ ಕಡೆಯವಳು. ಮಾವನಿಗೆ ಬಾಯಿ ಸೊಟ್ಟಗಾಗಿ ಬಲಗೈ ಬಿದ್ದಾಗ ಹತ್ತಿರದ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಸ್ಕ್ಯಾನ್ ಇಲ್ಲ, ಬೇಗನೇ ಕಳಿಸಿದರು, ಅದಕ್ಕೆ ನನ್ನ ದೂರಿಲ್ಲ. ಆದ್ರೆ ಚೀಟಿ ಮೇಲೆ ಲಕ್ವ ಅಂತ ಒಂದೇ ಶಬ್ದ. ದೊಡ್ಡಾಸ್ಪತ್ರೆಯವರು ಮೊದಲು ಕೇಳಿದ್ದೇ, ಕೊನೆಗೆ ಯಾವಾಗ ಚೆನ್ನಾಗಿದ್ದರು, ಯಾವ ಮಾತ್ರೆ ಕೊಟ್ಟಿದ್ದಾರೆ, ಶುಗರ್ ಎಷ್ಟಿತ್ತು ಅಂತ. ಆಂಬುಲೆನ್ಸಿನಲ್ಲಿ ಬಂದವರು ಗಂಡಸರು, ಅವರಿಗೆ ಏನೂ ಗೊತ್ತಿಲ್ಲ. ಮನೆಯಲ್ಲಿದ್ದ ಅತ್ತೆಗೆ ಫೋನ್ ಹತ್ತಲಿಲ್ಲ. ಆ ಚೀಟಿ ಸರಿ ಇತ್ತಾ ಅನ್ನೋದನ್ನೂ ಅಳೆಯಿರಿ.

ಡೋಣಿ ದಂಡೆ

ಅಕ್ಕಾ ಹೇಳಿದ್ದು ನೂರಕ್ಕೆ ನೂರು ಖರೆ. ಲಕ್ವಕ್ಕೆ ಹೆಪ್ಪು ಕರಗಿಸೋ ಔಷಧಿ ಕೊಡೋಕೆ ನಾಲ್ಕೂವರೆ ಗಂಟೆ ಗಡುವು, ಅದು ಎಣಿಸೋದೇ ಕೊನೆಗೆ ಚೆನ್ನಾಗಿದ್ದ ಹೊತ್ತಿನಿಂದ. ಆ ಒಂದು ಸಾಲು ಇಲ್ಲದಿದ್ರೆ ಮೇಲಿನವರ ಕೈ ಕಟ್ಟಿದಂಗೆ.

ಜಮಖಂಡಿ ಸಿಸ್ಟರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾಜುವಾಲ್ಟಿ ರಿಜಿಸ್ಟರಿನಲ್ಲಿ ಬಂದದ್ದು, ಡಾಕ್ಟರ್ ನೋಡಿದ್ದು, ಮೊದಲ ಇಸಿಜಿ ಅಥವಾ ಇಂಜೆಕ್ಷನ್, ಹೊರಟದ್ದು ಅಂತ ನಾಲ್ಕು ಗೆರೆ ಎಳೆಯುತ್ತೇನೆ. ರೆಫರ್ ಚೀಟಿಗೆ ಅಕ್ಕ ಹೇಳಿದ ಮೂರು ಸಾಲಿನ ಸೀಲು ಮಾಡಿಸುತ್ತೇನೆ. ಆದ್ರೆ ರಾತ್ರಿ ಒಬ್ಬಳೇ ಇದ್ದಾಗ ರೋಗಿ ನೋಡಲಾ, ಬರೆಯಲಾ?

ಡೋಣಿ ದಂಡೆ

ರೋಗಿಯನ್ನೇ ನೋಡಿ. ಒಂದೊಂದು ಕೆಲಸ ಆದಾಗಲೂ ಡ್ಯೂಟಿ ಮೊಬೈಲಿನಲ್ಲಿ ಗೋಡೆ ಗಡಿಯಾರದ ಫೋಟೋ ಹೊಡೀರಿ, ಬೆಳಿಗ್ಗೆ ನೋಡಿ ಬರೆದುಕೊಳ್ಳಿ. ನೆನಪಿನಿಂದ ಬರೆದದ್ದಾದರೆ ಪಕ್ಕದಲ್ಲಿ ಅಂದಾಜು ಅಂತ ಹಾಕಿ. ಮುಖ್ಯವಾಗಿ, ತಡವಾದ ಕೇಸಿನ ಮೇಲೆ ಯಾರ ಡ್ಯೂಟಿ ಇತ್ತು ಅಂತ ಬೈಯೋಕೆ ಯಾರಿಗೂ ಬಿಡಬೇಡಿ, ನಿಮ್ಮ ಎಎಂಓ (ಆಡಳಿತ ವೈದ್ಯಾಧಿಕಾರಿ) ಸಾಹೇಬರ ಹತ್ರ ಮೊದಲೇ ಮಾತಾಡಿ. ಒಮ್ಮೆ ಬೈಗುಳ ಶುರುವಾದ್ರೆ ರಿಜಿಸ್ಟರಿನಲ್ಲಿ ಎಲ್ಲ ಇಸಿಜಿಯೂ 9 ನಿಮಿಷಕ್ಕೇ ಆಗಿರುತ್ತೆ.