ಗ್ಲಾಡಿಯೋಲಸ್: ಎರಡನೇ ವರ್ಷ ಬರೀ ಎಲೆ, ಹೂವಿಲ್ಲ

ಹಿತ್ತಲು (ಬೆಂಗಳೂರು):
ಹೋದ ಅಕ್ಟೋಬರಿನಲ್ಲಿ 12 ಇಂಚಿನ ಕುಂಡದಲ್ಲಿ ಐದು ಗಡ್ಡೆ ನೆಟ್ಟಿದ್ದು, ಐದೂ ಹೂ ಕೊಟ್ಟವು. ಹೂದಾನಿಗೆಂದು ದಂಟನ್ನು ಬುಡಕ್ಕೇ ಕತ್ತರಿಸಿದ್ದಾಯಿತು. ಗಡ್ಡೆ ಕೀಳದೆ ಮಳೆಗಾಲವೆಲ್ಲ ಕುಂಡದಲ್ಲೇ ಬಿಟ್ಟಿದ್ದೆ. ಈ ಸಲ ಮೂರು ಗಿಡಗಳಲ್ಲಿ ಎಲೆ ಮಾತ್ರ, ಎರಡು ಮೊಳೆಯಲೇ ಇಲ್ಲ. ಗೊಬ್ಬರ ಸಾಲಲಿಲ್ಲವೇ?

ಕೆಮ್ಮಣ್ಣು:
ಗೊಬ್ಬರವನ್ನು ದೂರಬೇಡಿ, ಎಡವಟ್ಟಾದದ್ದು ದಂಟು ಕತ್ತರಿಸುವಾಗ. ನೆಟ್ಟ ಗಡ್ಡೆ ಹೂ ಕೊಟ್ಟು ಸೊರಗಿಹೋಗುತ್ತದೆ. ಅದರ ನೆತ್ತಿಯ ಮೇಲೆ ಹೊಸ ಗಡ್ಡೆ ಕೂರುತ್ತದೆ. ಕಿತ್ತು ನೋಡಿ: ಕೆಳಗೆ ಬಿಲ್ಲೆಯಂತೆ ಒಣಗಿದ ಹಳೆಯದು, ಮೇಲೆ ಹೊಸದು, ಎರಡರ ನಡುವಿನ ಸಂದಿಯಲ್ಲಿ ಬಟಾಣಿ ಗಾತ್ರದ ಮರಿಗಡ್ಡೆಗಳು. ಹೂ ಕೊಯ್ದ ಮೇಲಿನ ಆರರಿಂದ ಎಂಟು ವಾರ ಎಲೆಗಳೇ ಈ ಹೊಸ ಗಡ್ಡೆಗೆ ಊಟ ಹಾಕುತ್ತವೆ. ಬುಡಕ್ಕೇ ಕತ್ತರಿಸಿದರೆ ಎಲೆಯೂ ಹೋಯಿತು, ಊಟವೂ ನಿಂತಿತು. ಆದ್ದರಿಂದ ಗಿಡದಲ್ಲಿ ಕನಿಷ್ಠ ನಾಲ್ಕೈದು ಎಲೆ ಉಳಿಯುವಂತೆ, ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದ ಕೂಡಲೇ ಹೂದಂಟನ್ನಷ್ಟೇ ಕೊಯ್ಯಿರಿ. ಬಕೆಟ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ತುದಿ ಮೇಲಕ್ಕೆ ಬಾಗುತ್ತದೆ.

ಎಲೆ ಹಳದಿಯಾಗತೊಡಗಿದ ಮೇಲೆ ನೀರು ನಿಲ್ಲಿಸಿ ಗಡ್ಡೆ ಕಿತ್ತು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಒಣಗಿಸಿ. ಹಳೆಯ ಬಿಲ್ಲೆ ಆಗ ತಿರುಚಿದರೆ ಕಳಚಿ ಬರುತ್ತದೆ. ಕಿತ್ತ ಗಡ್ಡೆಗೆ ಎರಡು ಮೂರು ತಿಂಗಳ ನಿದ್ದೆ ಇರುತ್ತದೆ, ಅದಕ್ಕೆ ಮೊದಲೇ ನೆಟ್ಟು ಮೊಳೆಯಲಿಲ್ಲವೆಂದು ಎಸೆಯಬೇಡಿ. ಬಲೆಚೀಲದಲ್ಲಿ ತಂಪಾದ ಜಾಗದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೆವರಿ ಬೂಷ್ಟು ಹಿಡಿಯುತ್ತದೆ.

ಗಡ್ಡೆಗಾರ:
ಮೊಳೆಯದ ಎರಡನ್ನು ಅಗೆದು ಹೆಬ್ಬೆರಳಿನಿಂದ ಒತ್ತಿ, ಉದ್ದಕ್ಕೆ ಸೀಳಿ ನೋಡಿ. ತಳದಿಂದ ಕಂದು ಬಣ್ಣ ಒಳಗೇರಿದ್ದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆರೋಗ. ನೀರು ನಿಲ್ಲುವ ಮಣ್ಣೂ, ಸರಿಯಾಗಿ ಕಳಿಯದ ಸಗಣಿ ಗೊಬ್ಬರವೂ ಅದಕ್ಕೆ ದಾರಿ ಮಾಡಿಕೊಡುತ್ತವೆ. ಅಂಥ ಗಡ್ಡೆಯನ್ನು ಸುಟ್ಟುಬಿಡಿ, ಕಾಂಪೋಸ್ಟಿಗೆ ಹಾಕಲೇಬೇಡಿ. ಆ ಕುಂಡದ ಮಣ್ಣಿನಲ್ಲಿ ಮತ್ತೆ ಗ್ಲಾಡಿಯೋಲಸ್ ಬೇಡ, ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಉಳಿದವನ್ನು ನೆಡುವ ಮುನ್ನ ಹೊರಸಿಪ್ಪೆ ಸುಲಿದು, ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಾಜಿಂ (ಶಿಲೀಂಧ್ರನಾಶಕ) ಕಲಸಿ ಅರ್ಧ ಗಂಟೆ ಅದ್ದಿಡಿ, ಕೈಗವಸು ಹಾಕಿಕೊಳ್ಳಿ. ಹೊಸ ಗಡ್ಡೆ ಕೊಳ್ಳುವುದಾದರೆ 4–5 ಸೆಂ.ಮೀ. ಅಗಲದ, ನೆತ್ತಿ ಉಬ್ಬಿದ್ದನ್ನು ಆರಿಸಿ. ಅಷ್ಟೇ ಅಗಲದ ಚಪ್ಪಟೆ ಗಡ್ಡೆ ವಯಸ್ಸಾದದ್ದು, ಹೂ ಬಡಕಲು.

ಹಿತ್ತಲು:
ಒಂದು ಗಡ್ಡೆ ಒಳಗೆ ಕಂದು, ಇನ್ನೊಂದು ಮೆತ್ತಗಾಗಿ ನೀರೊಡೆದಿದೆ. ಎರಡನ್ನೂ ತೆಗೆದೆ. ಮರಿಗಡ್ಡೆಗಳು ಸಾಕಷ್ಟಿವೆ, ಅವುಗಳಿಂದ ಹೂ ಬರುತ್ತದೆಯೇ?

ಕೆಮ್ಮಣ್ಣು:
ಬರುತ್ತದೆ, ಆದರೆ ಎರಡು ಮೂರು ಹಂಗಾಮು ಕಾಯಬೇಕು. ಅವುಗಳ ಸಿಪ್ಪೆ ಗಟ್ಟಿ, ಒಂದು ದಿನ ನೀರಿನಲ್ಲಿ ನೆನೆಸಿ ಎರಡು ಸೆಂ.ಮೀ. ಆಳಕ್ಕೆ ಬಿತ್ತಿ. ರೋಗದ ಗಡ್ಡೆಗೆ ಅಂಟಿದ್ದ ಮರಿ ಮಾತ್ರ ಬೇಡ, ರೋಗ ಜೊತೆಗೇ ಬರುತ್ತದೆ.

ದೊಡ್ಡ ಗಡ್ಡೆಗೆ ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸಾಕು. ಗಡ್ಡೆಯ ಮೇಲೆ 5–8 ಸೆಂ.ಮೀ. ಮಣ್ಣಿರಲಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಲಿ.

ನೀರುಮನೆ:
ಇನ್ನೊಂದು ಮಾತು ಸೇರಿಸುತ್ತೇನೆ. ಮೂರು ಎಲೆ ಬಂದ ಹೊತ್ತಿಗೆ ಹೂದಂಟು ಒಳಗೇ ರೂಪುಗೊಳ್ಳತೊಡಗುತ್ತದೆ. ಆಗ ಮಣ್ಣು ಒಣಗಿದರೆ ಅಥವಾ ಬಿಸಿಲು ಸಾಲದಿದ್ದರೆ ಗಡ್ಡೆ ದಪ್ಪವಿದ್ದರೂ ದಂಟು ಹೊರಬರದೆ ಕುರುಡಾಗುತ್ತದೆ. ಅದೇ ಸಮಯಕ್ಕೆ ಬುಡಕ್ಕೆ ಮಣ್ಣೇರಿಸಿ, ಒಂದು ಸಲ ಸಾರಜನಕ ಗೊಬ್ಬರ ಕೊಡಿ. ಎಲೆಯಲ್ಲಿ ಬೆಳ್ಳಿಯಂಥ ಗೀರು ಕಂಡರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕೆಲಸ. ಮೊಗ್ಗಿಗೆ ಹೊಕ್ಕರೆ ಹೂವಿನ ಅಂಚು ಕಂದಿಹೋಗುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸೋಪಿನ ನೀರಿನೊಂದಿಗೆ ಕಲಸಿ, ಎಲೆಯ ಸಂದಿಗೆ ಇಳಿಯುವಂತೆ ಸಂಜೆ ಸಿಂಪಡಿಸಿ.